ಬೆಳ್ಳಿದೊಂದು ದಾರಿ, ಪಿಂಗಾಣಿದೊಂದು ದಾರಿ: ಹಳೇ ಪೈಪುಗಳ ರಿಪೇರಿ ಬಗ್ಗೆ

ತಂಬಾಕು ಸೇದೋ ಹಳೇ ಬೆಳ್ಳಿ-ಪಿಂಗಾಣಿ ಪೈಪು ಕೈಗೆ ಬಂದ್ರೆ ಮೊದ್ಲು ಎಲ್ಲಿ ನೋಡ್ಬೇಕು ಅಂತ ಕೇಳ್ತಾರೆ. ನಾನು ಹೇಳೋದು ಒಂದೇ, ಬೆಳ್ಳಿನೂ ಪಿಂಗಾಣಿನೂ ಸೇರಿರೋ ಜಾಗ ನೋಡಿ. ಚಿತ್ರ ಎಷ್ಟು ಚೆಂದ ಐತೆ, ಬೆಳ್ಳಿ ಎಷ್ಟು ತೂಕ ಐತೆ, ಅವೆಲ್ಲ ಆಮೇಲೆ. ಒಡೆಯೋದು ಅಲ್ಲೇ, ಕೊಳಕು ಕೂರೋದು ಅಲ್ಲೇ, ಹಿಂದೆ ಯಾರೋ ಅರ್ಧಂಬರ್ಧ ರಿಪೇರಿ ಮಾಡಿ ಬಿಟ್ಟಿರೋದೂ ಅಲ್ಲೇ.

ನಮ್ಮ ಬಳ್ಳಾರಿಲಿ ಇವೆಲ್ಲ ಎಲ್ಲಿಂದ ಬಂದ್ವು ಅಂತ ಕೇಳೋರಿಗೆ ಸ್ವಲ್ಪ ಇತಿಹಾಸ ಹೇಳ್ಬೇಕು. 1800ರಲ್ಲಿ ನಿಜಾಮ ಈ ಸೀಮೆನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮ್ಯಾಲೆ ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ, ಬಳ್ಳಾರಿ ದೊಡ್ಡ ದಂಡಿನ ಊರಾಯ್ತು, ಈಗ್ಲೂ ನಾವು ಕಂಟೋನ್ಮೆಂಟ್ ಅಂತೀವಲ್ಲ ಆ ಏರಿಯಾ ಪೂರ್ತಿ ಸಾಹೇಬ್ರ ಬಂಗಲೆಗಳು. ಸಾಹೇಬ್ರು ಬರೋವಾಗ ಅವ್ರ ಸಾಮಾನೂ ಬಂತು, ಹೋಗೋವಾಗ ಎಲ್ಲಾನೂ ತಗೊಂಡೋಗಿಲ್ಲ. ರಾಯಚೂರು, ಕೊಪ್ಪಳದ ಕಡೆ ಕಥೆ ಬೇರೆ, ಅದು 1948ರ ತನಕ ನಿಜಾಮನ ಸಂಸ್ಥಾನ, ಅಲ್ಲಿ ಹಳೇ ಮನೆಗಳಲ್ಲಿ ಸಿಗೋದು ಹುಕ್ಕದ ಸಾಮಾನು: ಬಾಯಿಗೆ ಇಟ್ಕೊಳ್ಳೋ ಬೆಳ್ಳಿ ಮುಹ್‌ನಾಲ್, ಚಿಲುಮೆ ಮ್ಯಾಲೆ ಮುಚ್ಚೋ ಸರ್‌ಪೋಶ್, ಬಿದರಿ ಕೆಲಸದ ಹುಕ್ಕದ ಬುಡ. ನಡುವೆ ತುಂಗಭದ್ರೆ ಒಂದು ಹೊಳೆ ಅಷ್ಟೇ, ಈ ದಂಡೆ ಸಾಮಾನೇ ಬೇರೆ, ಆ ದಂಡೆ ಸಾಮಾನೇ ಬೇರೆ. ನನಗೆ ಇದು ಬಹಳ ಇಷ್ಟ, ಯಾರಾದ್ರೂ ಅಟ್ಟದ ಮೇಲಿನ ಪೆಟ್ಟಿಗೆ ತೆಗೆದು ತೋರಿಸಿದ್ರೆ ಆ ಮನೆತನ ಹೊಳೆಯ ಯಾವ ಕಡೇದು ಅಂತ ಮನಸ್ಸಲ್ಲೇ ಲೆಕ್ಕ ಹಾಕ್ತೀನಿ.

ತಂಬಾಕಿನ ಕಥೆಗೂ ನಮ್ಮ ಕಡೆಗೂ ಹಳೇ ನಂಟು ಐತೆ. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದ ತಂಬಾಕು ಮೊದಲು ದಖನ್ನಿಗೆ ಬಂತು. 1604ರ ಸುಮಾರಿಗೆ ಅಕ್ಬರನ ಕಡೆಯಿಂದ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಅನ್ನೋರು ಇಲ್ಲಿ ತಂಬಾಕು ನೋಡಿ, ಚೆಂದಾಗಿ ಅಲಂಕಾರ ಮಾಡಿಸಿದ ಪೈಪಿನ ಸಮೇತ ಬಾದಶಹನ ಮುಂದೆ ಇಟ್ರು. ಆಗ ರಾಯಚೂರೂ ಅದೇ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಮುಂದೆ 1617ರಲ್ಲಿ ಜಹಾಂಗೀರ್ ತಂಬಾಕು ಬ್ಯಾಡ ಅಂತ ಹುಕುಂ ಹೊರಡಿಸಿದ್ರೂ ಜನ ಬಿಡಲಿಲ್ಲ. ನಾನು ಇವನ್ನೆಲ್ಲ ರಿಪೇರಿ ಮಾಡೋದು ಸೇದೋಕಲ್ಲ, ಯಾರಿಗೂ ಸೇದೋಕೆ ಅಂತ ಮಾಡಿಕೊಡೋದೂ ಇಲ್ಲ. ಕೆಲಸಗಾರಿಕೆ ಉಳೀಬೇಕು ಅನ್ನೋದಕ್ಕೆ ಮಾಡ್ತೀನಿ.

ಈಗ ಪಿಂಗಾಣಿ ಪೈಪಿಗೆ ಬರೋಣ. ಇದು ಹೆಚ್ಚಾಗಿ ಜರ್ಮನಿ, ಆಸ್ಟ್ರಿಯಾ ಕಡೇದು. ಯುರೋಪಿನಲ್ಲಿ ನಿಜವಾದ ಗಟ್ಟಿ ಪಿಂಗಾಣಿ ಕಾರ್ಖಾನೆ ಶುರುವಾಗಿದ್ದೇ 1710ರಲ್ಲಿ ಮೈಸೆನ್‌ನಲ್ಲಿ, ಅದಾದ ಮ್ಯಾಲೆ ಅದ್ರಲ್ಲಿ ತಟ್ಟೆ-ಕಪ್ಪಿನ ಜೊತೆ ಪೈಪಿನ ಬಟ್ಟಲೂ ಮಾಡೋಕೆ ಶುರು ಮಾಡಿದ್ರು, 19ನೇ ಶತಮಾನದಲ್ಲಂತೂ ಸೈನಿಕರು ಸರ್ವಿಸ್ ಮುಗಿಸಿ ಊರಿಗೆ ಹೋಗೋವಾಗ ತಮ್ಮ ರೆಜಿಮೆಂಟಿನ ಹೆಸರು, ಚಿತ್ರ ಬರೆಸಿದ ಪೈಪು ಮಾಡಿಸ್ಕೊಂಡು ಹೋಗೋ ರೂಢಿನೇ ಇತ್ತು. ಇದು ಒಂದೇ ತುಂಡಲ್ಲ. ಮ್ಯಾಲೆ ತಂಬಾಕು ತುಂಬೋ ಉದ್ದನೆ ಬಟ್ಟಲು, ಅದ್ರ ಕೆಳಗೆ ರಸ ಇಳಿದು ನಿಲ್ಲೋಕೆ ಇಂಗ್ಲಿಷಿನ ‘ವೈ’ ಅಕ್ಷರದ ಹಂಗೆ ಕವಲೊಡೆದ ಇನ್ನೊಂದು ಪಿಂಗಾಣಿ ತುಂಡು, ಅದಕ್ಕೆ ಸಿಗಿಸೋ ಚೆರ್ರಿ ಮರದ ಕಡ್ಡಿ, ತುದಿಗೆ ಕೊಂಬಿನ ಬಾಯಿ. ಬಟ್ಟಲ ಮ್ಯಾಲೆ ಗಾಳಿಗೆ ಕಿಡಿ ಹಾರದಂಗೆ ತೂತಿನ ಬೆಳ್ಳಿ ಮುಚ್ಚಳ, ಕೀಲಿನ ಸಮೇತ. ರಸಕ್ಕೆ ಬೇರೆ ತುಂಡು ಯಾಕೆ ಅಂದ್ರೆ ಪಿಂಗಾಣಿ ಒಂದು ಹನಿನೂ ಹೀರ್ಕೊಳ್ಳಲ್ಲ, ಮರದ ಪೈಪು ಅಥವಾ ಮಣ್ಣಿನ ಚಿಲುಮೆ ಸ್ವಲ್ಪ ಹೀರ್ಕೊಳ್ತೈತೆ, ಇದ್ರಲ್ಲಿ ಎಲ್ಲಾನೂ ಕೆಳಗೆ ಇಳೀಲೇಬೇಕು.

ಆ ಹೀರ್ಕೊಳ್ಳದ ಗುಣನೇ ರಿಪೇರಿ ಮಾಡೋರಿಗೆ ದೊಡ್ಡ ವರ. ನೂರು ವರ್ಷದ ಹಿಂದಿನ ಜಿಗಟು ಆದ್ರೂ ಗ್ಲೇಜಿನ, ಅಂದ್ರೆ ಪಿಂಗಾಣಿ ಮೈ ಮ್ಯಾಲಿರೋ ಗಾಜಿನಂಥ ಹೊಳಪು ಪದರದ, ಮೇಲ್ಗಡೆನೇ ಕೂತಿರ್ತೈತೆ, ಒಳಗೆ ಇಳಿದಿರಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಗೆ ಅದ್ದಿ ಒಳಗೆ ಇಟ್ಟು ರಾತ್ರಿ ಬಿಟ್ರೆ ಬೆಳಿಗ್ಗೆ ಫಿಲ್ಟರ್ ಡಿಕಾಕ್ಷನ್ ತರ ಕರ್ರಗೆ ಇಳೀತೈತೆ. ಗ್ಲವ್ಸ್ ಹಾಕ್ಕೊಳ್ಳಿ, ಆ ರಸದಲ್ಲಿ ನಿಕೋಟಿನ್ ಇರ್ತೈತೆ, ಚರ್ಮದಿಂದ ಒಳಗೆ ಹೋಗ್ತೈತೆ, ಕಿಟಕಿನೂ ತೆಗ್ದಿಡಿ. ಗಟ್ಟಿಯಾದ ಮಸಿ ಕೆರೆಯೋಕೆ ಚಾಕು, ಸೂಜಿ, ಸ್ಟೀಲ್ ಉಜ್ಜು ಮುಟ್ಟಲೇಬ್ಯಾಡಿ, ಕಬ್ಬಿಣ ತಾಗಿದ್ರೆ ಗ್ಲೇಜ್ ಮ್ಯಾಲೆ ಬೂದು ಗೆರೆ ಬೀಳ್ತೈತೆ, ಬಿದಿರು ಕಡ್ಡಿ ಚೂಪು ಮಾಡಿಕೊಂಡು ಅದ್ರಲ್ಲೇ ನಿಧಾನಕ್ಕೆ ಬಿಡಿಸ್ಬೇಕು.

ಹೊರಗಿನ ಚಿತ್ರದ ವಿಷಯ ಮಾತ್ರ ಪೂರ್ತಿ ಬೇರೆ. ಪಿಂಗಾಣಿ ಮೈ ಬೇಯೋದು 1300-1400 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದು ಕಲ್ಲಿನಂಗೆ. ಆದ್ರೆ ಬಣ್ಣದ ಚಿತ್ರ ಗ್ಲೇಜಿನ ಮ್ಯಾಲೆ ಬರೆದು ಎರಡನೇ ಸಲ 700-800 ಡಿಗ್ರಿ ಆಸುಪಾಸಲ್ಲಿ ಸುಟ್ಟಿರ್ತಾರೆ, ಅದು ಅಷ್ಟು ಗಟ್ಟಿ ಅಲ್ಲ, ಬಂಗಾರದ ಗೆರೆ ಅಂತೂ ಇನ್ನೂ ಮೆತ್ತಗೆ, ಬೆರಳಲ್ಲಿ ದಿನಾ ಸವರಿದ್ರೂ ಹೋಗ್ತೈತೆ. ಹಳೇ ಪೈಪುಗಳಲ್ಲಿ ಹೆಬ್ಬೆರಳು ಕೂರೋ ಜಾಗದಲ್ಲಿ ಮಾತ್ರ ಬಂಗಾರ ಸವೆದಿರೋದು ನೋಡ್ಬಹುದು. ಅದಕ್ಕೆ ಮತ್ತೆ ಬಂಗಾರದ ಬಣ್ಣ ಬಳಿಯೋರು ಅದಾರೆ, ನಂಗೆ ಅದು ಸರಿ ಅನ್ಸಲ್ಲ, ಅದನ್ನ ಹಿಡಿದು ಕೂತವನು ಯಾರೋ, ಅವನ ಕೈ ಗುರುತು ಅದು, ಅದನ್ನ ಅಳಿಸಿ ನಾವು ಏನು ಗಳಿಸಿದಂಗಾಯ್ತು.

ಬಿರುಕಿನಲ್ಲಿ ಕಂದು ಕಲೆ ಇಳಿದಿದ್ರೆ ಬ್ಲೀಚಿಂಗ್ ಪೌಡರ್ ಹಾಕಿ ಅಂತ ಸಲಹೆ ಕೊಡೋರು ಸಿಗ್ತಾರೆ, ಖಂಡಿತ ಬ್ಯಾಡ, ಕ್ಲೋರಿನ್ ಉಪ್ಪು ಬಿರುಕಿನ ಒಳಗೇ ಉಳ್ಕೊಂಡು ಮುಂದೆ ಕಾಟ ಕೊಡ್ತೈತೆ, ಪಕ್ಕದ ಬೆಳ್ಳಿಗೂ ಒಳ್ಳೇದಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಮೆಡಿಕಲ್ ಶಾಪಲ್ಲಿ ಸಿಗ್ತೈತೆ, ಮೊದ್ಲು ಬಿರುಕನ್ನ ಬರೀ ನೀರಲ್ಲಿ ನೆನೆಸಿ, ಆಮೇಲೆ ಪೆರಾಕ್ಸೈಡಲ್ಲಿ ಅದ್ದಿದ ಹತ್ತಿನ ಬಿರುಕಿನ ಉದ್ದಕ್ಕೂ ಇಟ್ಟು ಪ್ಲಾಸ್ಟಿಕ್ ಸುತ್ತಿ ಬಿಡಿ, ಆಗಾಗ ನೋಡ್ತಾ ಇರಿ. ಬಂಗಾರದ ಗೆರೆ ಹತ್ರ ಇದ್ರೆ ಬ್ಯಾಡ. ಬೆಳ್ಳಿ ಕಟ್ಟು (ಪಿಂಗಾಣಿ ಅಂಚಿಗೆ ಸುತ್ತಿರೋ ಬೆಳ್ಳಿ ಪಟ್ಟಿ) ಇನ್ನೂ ಕೂತಿರೋ ತುಂಡಿಗಂತೂ ಮುಟ್ಟಿಸಲೇಬ್ಯಾಡಿ.

ನೀರಿನ ಬಗ್ಗೆ ಒಂದು ಮಾತು. ನಮ್ಮೂರ ಬೋರ್ ನೀರು ಎಂಥದ್ದು ಅಂತ ನಿಮಗೆಲ್ಲ ಗೊತ್ತು, ಗೀಸರ್ ಬಾಯಿ ನೋಡಿದ್ರೆ ಸಾಕು. ಆ ನೀರಲ್ಲಿ ತೊಳೆದು ಆರಿಸಿದ್ರೆ ಗ್ಲೇಜ್ ಮ್ಯಾಲೂ ಬೆಳ್ಳಿ ಮ್ಯಾಲೂ ಬಿಳಿ ಚುಕ್ಕೆ ಕೂರ್ತೈತೆ. ಬ್ಯಾಟರಿ ಅಂಗಡೀಲಿ ಡಿಸ್ಟಿಲ್ಡ್ ವಾಟರ್ ಕ್ಯಾನ್ ಸಿಗ್ತೈತೆ, ಕೊನೇ ತೊಳೆತಕ್ಕೆ ಅದೇ ಸಾಕು. ಬಿಸಿನೀರು ಮಾತ್ರ ಸುರೀಬ್ಯಾಡಿ, ಎಸಿ ರೂಮಿಂದ ತಂದ ತಣ್ಣನೆ ಪಿಂಗಾಣಿಗೆ ಬಿಸಿ ತಾಗಿದ್ರೆ ಕಣ್ಣಿಗೆ ಕಾಣದ ಬಿರುಕು ಕಾಣೋ ಬಿರುಕಾಗ್ತೈತೆ.

ಈಗ ಬೆಳ್ಳಿ. ಬೆಳ್ಳಿ ಕಪ್ಪಾಗೋದು ತುಕ್ಕಲ್ಲ. ಗಾಳೀಲಿರೋ ಗಂಧಕದ ಅಂಶ ಬೆಳ್ಳಿ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗ್ತೈತೆ, ಮೊಟ್ಟೆ, ಉಣ್ಣೆ ಬಟ್ಟೆ, ರಬ್ಬರ್ ಎಲ್ಲಾದ್ರಲ್ಲೂ ಅದು ಐತೆ, ಅದಕ್ಕೇ ಬೆಳ್ಳಿ ಸಾಮಾನಿಗೆ ರಬ್ಬರ್ ಬ್ಯಾಂಡ್ ಹಾಕಿಟ್ರೆ ಬ್ಯಾಂಡಿನ ಗೆರೆ ಕಪ್ಪಗೆ ಅಚ್ಚೊತ್ತಿರ್ತೈತೆ. ಪಾಲಿಶ್ ಮಾಡಿದಾಗ ಹೋಗೋ ಆ ಕಪ್ಪು ಕೂಡ ಒಂದು ಕಾಲಕ್ಕೆ ಬೆಳ್ಳಿನೇ, ಅಂದ್ರೆ ಪ್ರತಿ ಪಾಲಿಶಿಗೂ ಸಾಮಾನು ಒಂದು ಎಳೆ ತೆಳ್ಳಗಾಗ್ತೈತೆ. ನಮ್ಮ ಮನೆಗಳಲ್ಲಿ ಹಬ್ಬದ ಮುಂಚೆ ದೇವರ ಬೆಳ್ಳಿನ ವಿಭೂತಿ ಹಾಕಿ ಉಜ್ಜೋದು, ಅಂಟವಾಳಕಾಯಿ ನೊರೇಲಿ ತೊಳೆಯೋದು ಇದ್ದೇ ಐತಲ್ಲ, ಅದು ಒಳ್ಳೇ ರೂಢಿ, ದೀಪ, ತಟ್ಟೆ ದಪ್ಪ ಇರ್ತಾವೆ ತಡೀತಾವೆ. ಪೈಪಿನ ಮುಚ್ಚಳ ಹಂಗಲ್ಲ, ಅದು ತೆಳ್ಳನೆ ತಗಡು, ಅದ್ರ ಮ್ಯಾಲೆ ಉಳಿ ಕೆಲಸದ ಸಣ್ಣ ಗೆರೆ. ಟೂತ್‌ಪೇಸ್ಟ್ ಹಾಕಿ ಬ್ರಷ್ಷಲ್ಲಿ ಉಜ್ಜಿದ್ರೆ ಆ ಗೆರೆನೇ ಮಾಯ.

ನಾನು ಮಾಡೋದು ಹಿಂಗೆ: ನಯವಾದ ಚಾಕ್ ಪುಡಿ, ಅದು ಪ್ರೆಸಿಪಿಟೇಟೆಡ್ ಕ್ಯಾಲ್ಸಿಯಂ ಕಾರ್ಬೊನೇಟ್ ಅಂತಾನೇ ಸಿಗ್ತೈತೆ, ಅದನ್ನ ಡಿಸ್ಟಿಲ್ಡ್ ನೀರಲ್ಲಿ ಕಲಸಿ, ಹತ್ತಿ ಸುತ್ತಿದ ಕಡ್ಡೀಲಿ ಮೆತ್ತಗೆ ಉರುಳಿಸೋದು, ಉಬ್ಬಿದ ಜಾಗ ಬೆಳಗಾದ ಕೂಡ್ಲೇ ನಿಲ್ಲಿಸೋದು. ಗೆರೆಗಳ ತಳದಲ್ಲಿರೋ ಕಪ್ಪು ಹಂಗೇ ಇರ್ಲಿ, ಆ ಕಪ್ಪು ಇದ್ರೇನೇ ಹೂ ಬಳ್ಳಿ ಎದ್ದು ಕಾಣೋದು. ಅಲ್ಯೂಮಿನಿಯಂ ಫಾಯಿಲ್, ಸೋಡಾ, ಬಿಸಿನೀರು ಹಾಕಿ ಮುಳುಗಿಸೋ ವಿಡಿಯೋ ಎಲ್ಲರೂ ನೋಡಿರ್ತೀರಿ, ಕೆಮಿಸ್ಟ್ರಿ ಸರಿನೇ, ಸಲ್ಫೈಡ್ ವಾಪಸ್ ಬೆಳ್ಳಿ ಆಗ್ತೈತೆ, ಆದ್ರೆ ಅದು ಗೆರೆ ತಳದ ಕಪ್ಪನ್ನೂ ಬಿಡಲ್ಲ, ಎಲ್ಲಾ ಒಂದೇ ಬಿಳಚು ಬಣ್ಣ ಆಗ್ತೈತೆ, ಮ್ಯಾಲೆ ಆ ಸೋಡಾ ನೀರು ಕೀಲಿನ ಸಂದಿಗೆ, ಕಟ್ಟಿನ ಕೆಳಗೆ ಹೋಗಿ ಕೂರ್ತೈತೆ. ಪೈಪಿಗೆ ಅದು ಬ್ಯಾಡ.

ಬಿದರಿಗಂತೂ ಅದು ಪೂರ್ತಿ ನಾಶ. ಬಿದರಿ ಅಂದ್ರೆ ಹೆಚ್ಚು ಪಾಲು ಸತುವು, ಸ್ವಲ್ಪ ತಾಮ್ರ, ಅದ್ರಲ್ಲಿ ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಹಳೇ ಮಣ್ಣು, ನವಸಾಗರ ಕಲಸಿದ ನೀರಲ್ಲಿ ಕಪ್ಪು ಮಾಡಿರ್ತಾರೆ. ಆ ಕಪ್ಪೇ ಅದ್ರ ಜೀವ. ಹುಣಸೆಹಣ್ಣು ಹಾಕಿದ್ರೂ ಅಷ್ಟೇ, ಹುಳಿ ಸತುವನ್ನ ತಿಂದು ಕಪ್ಪು ಎದ್ದೋಗ್ತೈತೆ. ರಾಯಚೂರು ಕಡೆಯಿಂದ ಬರೋ ಹುಕ್ಕದ ಬುಡ ಎಷ್ಟೋ ಹಿಂಗೆ ಹಿತ್ತಾಳೆ ಚೆಂಬು ಬೆಳಗಿದಂಗೆ ಬೆಳಗಿ ಬೂದು ಬಣ್ಣಕ್ಕೆ ತಿರುಗಿರ್ತಾವೆ, ನೋಡಿದ್ರೆ ಹೊಟ್ಟೆ ಉರೀತೈತೆ. ಒಣ ಮೆತ್ತನೆ ಬಟ್ಟೆ, ಒಂದು ಹನಿ ಕೊಬ್ಬರಿ ಎಣ್ಣೆ, ಅಷ್ಟು ಸಾಕು. ಒಳ್ಳೇ ಬಿದರಿ ಹುಕ್ಕ ಹೆಂಗಿರ್ತೈತೆ ಅಂತ ನೋಡ್ಬೇಕಂದ್ರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಿ ಬನ್ನಿ, ರಾಯಚೂರಿಂದ ಬೆಳಿಗ್ಗೆ ಟ್ರೈನ್ ಹತ್ತಿದ್ರೆ ಸಂಜೆ ವಾಪಸ್ ಬರಬಹುದು.

ಬೆಳ್ಳಿ ನಿಜವಾದ್ದಾ ಅಂತ ನೋಡೋದು ಕಷ್ಟ ಇಲ್ಲ, ಲೆನ್ಸ್ ಹಿಡಿದು ಮುಚ್ಚಳದ ಒಳಗಡೆ ಮುದ್ರೆ ಹುಡುಕಿ. ಇಂಗ್ಲೆಂಡಿನದಾದ್ರೆ ನಡೆಯೋ ಸಿಂಹ, ಅಂದ್ರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಜೊತೆಗೆ ಲಂಗರು ಇದ್ರೆ ಬರ್ಮಿಂಗ್‌ಹ್ಯಾಮ್. ಜರ್ಮನಿದಾದ್ರೆ 1888ರಿಂದ ಈಚೆಗೆ ಅರ್ಧಚಂದ್ರ, ಕಿರೀಟ, ಪಕ್ಕದಲ್ಲಿ 800 ಅನ್ನೋ ಅಂಕಿ. ಅದಕ್ಕಿಂತ ಹಳೇದಾದ್ರೆ 12 ಇಲ್ಲಾ 13 ಅಂತ ಇರ್ತೈತೆ, ಅದು 16ಕ್ಕೆ ಎಷ್ಟು ಪಾಲು ಬೆಳ್ಳಿ ಅನ್ನೋ ಹಳೇ ಲೆಕ್ಕ, 12 ಅಂದ್ರೆ 750. ಇಪಿಎನ್‌ಎಸ್ ಅಂತ ಇದ್ರೆ ಅದು ಬೆಳ್ಳಿ ನೀರು ಹಾಕಿದ್ದು ಅಷ್ಟೇ, ಇನ್ನೂ ಹುಷಾರಾಗಿರ್ಬೇಕು, ನಾಕು ಸಲ ಉಜ್ಜಿದ್ರೆ ಕೆಳಗಿನ ಲೋಹ ಎದ್ದು ಬರ್ತೈತೆ. ಪಿಂಗಾಣಿ ಮ್ಯಾಲಿನ ಎರಡು ಕತ್ತಿ ಗುರುತು ಮೈಸೆನ್‌ದು, ಆದ್ರೆ ಜಗತ್ತಲ್ಲಿ ಅಷ್ಟು ಕಾಪಿ ಆದ ಗುರುತು ಬಹುಶಃ ಇನ್ನೊಂದಿಲ್ಲ, ಅದೊಂದನ್ನೇ ನಂಬಿ ದುಡ್ಡು ಕೊಡಬ್ಯಾಡಿ.

ಶುರುವಲ್ಲಿ ಹೇಳಿದ ಜೋಡಣೆ ಜಾಗ ಯಾಕೆ ಅಷ್ಟು ಮುಖ್ಯ ಅಂತ ಈಗ ಹೇಳ್ತೀನಿ. ಕಾದಾಗ ಬೆಳ್ಳಿ ಹಿಗ್ಗೋದು ಪಿಂಗಾಣಿಗಿಂತ ಮೂರು ನಾಕು ಪಟ್ಟು ಜಾಸ್ತಿ. ಸೇದೋ ಕಾಲದಲ್ಲಿ ದಿನಾ ಕೆಂಡ ಕಾದು ಆರಿ, ಕಾದು ಆರಿ, ಬೆಳ್ಳಿ ಕಟ್ಟು ಹಿಗ್ಗಿ ಕುಗ್ಗಿ, ಮಧ್ಯೆ ತುಂಬಿದ ಪ್ಲಾಸ್ಟರೋ ಅರಗೋ ಪುಡಿಯಾಗಿ ಸಡಿಲ ಆಗಿರ್ತೈತೆ. ಆಮೇಲೆ ಯಾರೋ ಒಬ್ರು ಅಲ್ಲಾಡ್ತೈತೆ ಅಂತ ಅದನ್ನ ಒತ್ತಿ ಬಿಗಿ ಮಾಡಿರ್ತಾರೆ, ಪಿಂಗಾಣಿ ಅಂಚು ಅಲ್ಲೇ ಚಕ್ಕೆ ಎದ್ದಿರ್ತೈತೆ. ಇನ್ನೊಬ್ರು ಸೂಪರ್ ಗ್ಲೂ ಹಾಕಿರ್ತಾರೆ. ಮತ್ತೊಬ್ರು ಸೀಸದ ಬೆಸುಗೆ ಹಾಕಿರ್ತಾರೆ, ಇದು ಎಲ್ಲಕ್ಕಿಂತ ಕೆಟ್ಟದ್ದು.

ಬೆಸುಗೆ ಕೆಲಸ ನಾನು ಮಾಡಲ್ಲ, ಬ್ರೂಸ್‌ಪೇಟೆ ಕಡೆ ಒಬ್ರು ವಯಸ್ಸಾದ ಆಚಾರ್ರು ಅದಾರೆ, ಅವ್ರ ಹತ್ರ ಹೋಗ್ತೀನಿ. ಈಗ ಎಲ್ಲಾ ರೆಡಿಮೇಡ್ ಒಡವೆ ಅಂಗಡಿಗಳಾದ ಮ್ಯಾಲೆ ಅವ್ರಿಗೆ ಇಂಥ ಕೆಲಸ ಅಂದ್ರೆ ಪ್ರೀತಿ. ಮೊದಲ ಸಲ ಸೀಸದ ಬೆಸುಗೆ ಇದ್ದ ಮುಚ್ಚಳ ತಗೊಂಡೋದಾಗ ಅವ್ರು ಉಗುರಲ್ಲಿ ಕೆರೆದು ನೋಡಿ, ‘ನೋಡಪ್ಪ, ಇದ್ರ ಮ್ಯಾಲೆ ಬೆಂಕಿ ಹಿಡಿದ್ರೆ ಸೀಸ ಬೆಳ್ಳಿನ ತಿಂದು ತೂತು ಮಾಡ್ತೈತೆ, ಮೊದ್ಲು ಇದನ್ನ ಪೂರ್ತಿ ಕೆರೀಬೇಕು’ ಅಂದ್ರು. ಸೀಸ-ತವರ ಕರಗೋದು ಇನ್ನೂರು ಡಿಗ್ರಿ ಒಳಗೇ, ಬೆಳ್ಳಿ ಬೆಸುಗೆಗೆ ಆರುನೂರು ಏಳುನೂರು ಬೇಕು, ಆ ಕಾವಿಗೆ ಉಳಿದ ಸೀಸ ಬೆಳ್ಳಿ ಒಳಗೆ ಇಳೀತೈತೆ. ಅವ್ರು ಸಣ್ಣ ಅರದಲ್ಲಿ, ಆಮೇಲೆ ಚಾಣದ ತುದೀಲಿ, ಒಂದು ಚುಕ್ಕೆನೂ ಬಿಡದಂಗೆ ತೆಗೆದು, ಬಿಳಿಗಾರ ಹಚ್ಚಿ, ಬೆಸುಗೆ ಚೂರು ಇಟ್ಟು ಊದುಗೊಳವೇಲಿ ಊದೋದನ್ನ ನೋಡ್ಬೇಕು ನೀವು. ಕೀಲಿನ ಮೂರು ಕೊಳವೆ ಒಂದೇ ಸಾಲಲ್ಲಿ ನಿಲ್ಲೋದು, ಆದ್ರೆ ಒಂದಕ್ಕೊಂದು ಅಂಟದೇ ಇರೋದು, ಅದೇ ಅದ್ರಲ್ಲಿ ಕಷ್ಟ. ಅವ್ರು ಅಂಟಬಾರದ ಕಡೆ ಕಾವಿ ಮಣ್ಣು ಹಚ್ತಾರೆ.

ಇದಕ್ಕೆಲ್ಲ ಬೆಳ್ಳಿ ಕಟ್ಟು ಪಿಂಗಾಣಿಯಿಂದ ಬೇರೆ ಆಗಿರಲೇಬೇಕು. ಪಿಂಗಾಣಿ ಮ್ಯಾಲೆ ಇಟ್ಕೊಂಡೇ ಬೆಂಕಿ ಹಿಡಿದ್ರೆ ಆಗಲೇ ಹೇಳಿದ ಬಣ್ಣ ಹಾಳಾಗ್ತೈತೆ, ಒಂದು ಕಡೆ ಮಾತ್ರ ಕಾದು ಮೈ ಸೀಳ್ತೈತೆ. ಬಿಡಿಸೋದು ಹೆಂಗೆ ಅಂದ್ರೆ ತಾಳ್ಮೆ. ಅರಗು ತುಂಬಿದ್ರೆ ಸ್ಪಿರಿಟ್ ಹನಿ ಹನಿ ಬಿಟ್ಟು ಕಾಯೋದು, ಪ್ಲಾಸ್ಟರ್ ಆದ್ರೆ ಒದ್ದೆ ಹತ್ತಿ ಇಟ್ಟು ಮೆತ್ತಗಾದ ಮ್ಯಾಲೆ ಬಿದಿರು ಕಡ್ಡೀಲಿ ತೆಗೆಯೋದು, ಸೂಪರ್ ಗ್ಲೂ ಆದ್ರೆ ಅಸಿಟೋನ್, ಆದ್ರೆ ಅಸಿಟೋನ್ ಹಾಕೋ ಮುಂಚೆ ಯಾವ ಬಣ್ಣ ಆಮೇಲೆ ಬಳಿದದ್ದು, ಯಾವುದು ಸುಟ್ಟದ್ದು ಅಂತ ಒಂದು ಮೂಲೇಲಿ ಪರೀಕ್ಷೆ ಮಾಡ್ಬೇಕು. ತಿರುಚಿ ಎಳೆಯೋದು ಯಾವತ್ತೂ ಇಲ್ಲ. ಬಿಡಲಿಲ್ಲ ಅಂದ್ರೆ ಇನ್ನೊಂದು ರಾತ್ರಿ ಬಿಡಿ, ನೂರೈವತ್ತು ವರ್ಷ ಕಾದಿರೋ ಸಾಮಾನು.

ವಾಪಸ್ ಕೂರಿಸೋವಾಗ ಎಪಾಕ್ಸಿ ಹಾಕಿದ್ರೆ ಗಟ್ಟಿ ಆಗ್ತೈತಲ್ಲ ಅಂತ ಬಹಳ ಜನ ಕೇಳ್ತಾರೆ. ಒಡೆದ ಪಿಂಗಾಣಿ ತುಂಡು ಜೋಡಿಸೋಕೆ ನಾನು ಪ್ಯಾರಲಾಯ್ಡ್ ಬಿ-72 ಅನ್ನೋ ಅಂಟು ಬಳಸ್ತೀನಿ, ಮ್ಯೂಸಿಯಂನವರು ಬಳಸೋದು ಅದೇ, ಬೇಕಾದಾಗ ಅಸಿಟೋನಲ್ಲಿ ಬಿಚ್ಚಬಹುದು. ಬೆಳ್ಳಿ ಕಟ್ಟಿಗೆ ಅರಗು. ನಮ್ಮ ಆಚಾರ್ರು ಒಡವೆ ಒಳಗೆ ತುಂಬೋ ಅದೇ ಅರಗು, ಇಟ್ಟಿಗೆ ಪುಡಿ ಬೆರೆಸಿದ್ದು. ಅದು ಸ್ವಲ್ಪ ಬಗ್ತೈತೆ, ಬೆಳ್ಳಿ ಹಿಗ್ಗೋಕೆ ಜಾಗ ಕೊಡ್ತೈತೆ, ನಮ್ಮ ಮೇ ತಿಂಗಳ 42 ಡಿಗ್ರಿಗೂ ಕರಗಲ್ಲ. ಮುಂದೆ ಇದನ್ನ ಬಿಚ್ಚೋ ಪ್ರಸಂಗ ಬಂದ್ರೆ ಬಿಚ್ಚೋಕೂ ಬರ್ತೈತೆ, ನನಗೆ ಇದು ಬಹಳ ಮುಖ್ಯ. ಎಪಾಕ್ಸಿ ಹಾಕಿದ ಕಟ್ಟನ್ನ ಮುಂದಿನವರು ತೆಗೀಬೇಕಂದ್ರೆ ಒಡೆದೇ ತೆಗೀಬೇಕು.

ಕಡ್ಡಿ ಕಳೆದೋಗಿದ್ರೆ ಹೊಸದಾಗಿ ಬಿದಿರಿನದು ಹಾಕಿಸ್ತೀನಿ, ತೂತು ಕೊರೆಯೋ ಕಷ್ಟ ಇಲ್ಲ, ನೋಡಿದ ಕೂಡ್ಲೇ ಇದು ಆಮೇಲೆ ಹಾಕಿದ್ದು ಅಂತಾನೂ ಗೊತ್ತಾಗ್ತೈತೆ. ಕೊಂಬಿನ ಬಾಯಿತುದಿ ನೀರಲ್ಲಿ ನೆನೆಸಬ್ಯಾಡಿ, ಉಬ್ಬಿ ಪದರ ಬಿಚ್ತೈತೆ. ಒಂದು ವೇಳೆ ಅದು ಆನೆ ದಂತ ಅನ್ಸಿದ್ರೆ ಮಾರೋದು ಕೊಳ್ಳೋದು ಎರಡೂ ಮಾಡಬ್ಯಾಡಿ, ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ನೂರು ವರ್ಷ ದಾಟಿದ ಸಾಮಾನು 1972ರ ಪ್ರಾಚೀನ ವಸ್ತುಗಳ ಕಾಯ್ದೆ ಕೆಳಗೆ ಬರ್ತೈತೆ, ಅದನ್ನ ಹೊರದೇಶಕ್ಕೆ ಕಳಿಸೋ ಹಂಗಿಲ್ಲ, ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು. ಆನ್‌ಲೈನಲ್ಲಿ ಹಾಕಿ ಮಾರೋ ಹುಡುಗರು ಇದನ್ನ ತಿಳ್ಕೊಂಡ್ರೆ ಒಳ್ಳೇದು.

ಸದ್ಯ ಟೇಬಲ್ ಮ್ಯಾಲಿರೋದು ರಾಯಚೂರಿನ ಒಂದು ಹಳೇ ಮನೆಯ ಸರ್‌ಪೋಶ್, ಜಾಲರಿ ಕೆಲಸದ್ದು, ಸುತ್ತ ಇಳಿಬಿಟ್ಟ ಸಣ್ಣ ಸಣ್ಣ ಬೆಳ್ಳಿ ಸರಪಳಿ, ಅದ್ರಲ್ಲಿ ಒಂದು ಇಲ್ಲ. ಇಲ್ಲದ್ದು ಇಲ್ಲದಂಗೇ ಇರ್ಲಿ ಅಂತ ನಾನು. ಆಚಾರ್ರು ಒಪ್ಪಲ್ಲ, ‘ಹಲ್ಲು ಬಿದ್ದ ಮುಖ ಇಟ್ಕೊಂಡು ಅದು ಯಾಕಪ್ಪ ಕೂರ್ಬೇಕು, ನಾನು ಮಾಡ್ತೀನಿ ಕೊಡು’ ಅಂತಾರೆ. ಬಹಳ ಹೊತ್ತು ಮಾತಾಡಿದ ಮ್ಯಾಲೆ ಹಿಂಗೆ ಆಗ್ಲಿ ಅಂತ ಇಬ್ರೂ ಒಪ್ಕೊಂಡ್ವಿ: ಅವ್ರು ಹೊಸ ಸರಪಳಿ ಮಾಡ್ತಾರೆ, ಹಳೇದಕ್ಕೆ ಸರಿಯಾಗಿ ಹೊಂದೋ ಹಂಗೆ, ಆದ್ರೆ ಮೇಲಿನ ಕೊಂಡೀಲಿ ಒಳಗಡೆ ಈ ವರ್ಷದ ಅಂಕಿ ಕೆತ್ತಾರೆ, ಬೆಸುಗೆ ಹಾಕದೆ ಬರೀ ಮಡಚಿ ಸಿಗಿಸ್ತಾರೆ. ಆ ಮನೆಯವ್ರಿಗೆ ಬ್ಯಾಡ ಅನ್ಸಿದ್ರೆ ಚಿಮಟದಲ್ಲಿ ತೆಗೆದು ಡಬ್ಬೀಲಿ ಹಾಕಿಡಬಹುದು. ಸರಪಳಿ ಮುಂದಿನ ವಾರ ಕೊಡ್ತೀನಿ ಅಂದಿದಾರೆ, ಆಮೇಲೆ ಫೋಟೋ ಹಾಕ್ತೀನಿ.